ಖಾಲಿ ಹಾಳೆಯಿಂದ ಅಕ್ಷರದವರೆಗೆ

ಮೂರರಿಂದ ಆರು ವರ್ಷದ ಮಕ್ಕಳಿಗೆ ಕಲಿಸುವುದು ನನ್ನ ಕೆಲಸ. ಈ ವಯಸ್ಸಿನಲ್ಲಿ ಓದು ಬರಹದ ಬುನಾದಿ ಎಂದರೆ ಅ, ಆ, ಇ, ಈ ತಿದ್ದಿಸುವುದು ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಚುಕ್ಕಿಗಳ ಮೇಲೆ ಪೆನ್ಸಿಲ್ ಓಡಿಸಿ ಮಗು ಪುಟದ ತುಂಬ 'ಅ' ಬರೆದು ತೋರಿಸಿದರೆ ನೋಡಿದವರಿಗೆಲ್ಲ ಸಮಾಧಾನ. ಆದರೆ ಆ ಗುರುತಿನಿಂದ ಏನು ಮಾಡಬಹುದು, ಅದು ಯಾರಿಗೆ ಏನನ್ನು ಹೇಳುತ್ತದೆ ಎಂಬುದು ಆ ಮಗುವಿಗೆ ತಿಳಿದಿರುವುದಿಲ್ಲ. ಕೈಗೆ ಅಭ್ಯಾಸ ಸಿಕ್ಕಿರುತ್ತದೆ, ಕಾರಣ ಸಿಕ್ಕಿರುವುದಿಲ್ಲ. ಆ ಕಾರಣ ಮಗುವಿನೊಳಗಿಂದಲೇ ಹುಟ್ಟಬೇಕು ಅನ್ನಿಸಿತು. ತಿದ್ದುವ ಪುಸ್ತಕಗಳನ್ನು ಪಕ್ಕಕ್ಕಿಟ್ಟು, ಬೆಳಗಿನ ಮೊದಲ ಹೊತ್ತನ್ನು ಚಿತ್ರಕ್ಕೂ ಕಥೆಗೂ ಬಿಟ್ಟುಕೊಟ್ಟೆ. ಅಲ್ಲಿಂದ ಮುಂದೆ ನಾನು ಕಂಡದ್ದು ಇದು.

ಬೇಕಾದ ಸಾಮಗ್ರಿ ಬಹಳ ಕಡಿಮೆ. ಒಂದು ಬದಿ ಖಾಲಿ ಇರುವ ಕಾಗದ, ದಪ್ಪ ಕ್ರೇಯಾನ್, ಮೆತ್ತನೆಯ ಪೆನ್ಸಿಲ್, ನನಗೊಂದು ಕಪ್ಪು ಪೆನ್. ಮುರಿದ ಕ್ರೇಯಾನ್ ತುಂಡುಗಳನ್ನು ನಾನು ಎಸೆಯುವುದಿಲ್ಲ. ಉದ್ದದ ಕ್ರೇಯಾನನ್ನು ಮಗು ಮುಷ್ಟಿಯಲ್ಲಿ ಹಿಡಿಯುತ್ತದೆ. ಬೆರಳುದ್ದಕ್ಕಿಂತ ಚಿಕ್ಕದಾದ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಬರುವುದಿಲ್ಲ, ಬೆರಳ ತುದಿಗಳೇ ಕೆಲಸಕ್ಕಿಳಿಯಬೇಕಾಗುತ್ತದೆ. ಮುಂದೆ ಪೆನ್ಸಿಲ್ ಹಿಡಿಯುವ ಹಿಡಿತ ಹೀಗೆ ಯಾರೂ ತಿದ್ದದೆಯೇ ಬರುತ್ತದೆ. ಬಣ್ಣ ತುಂಬಲೆಂದು ಅಚ್ಚು ಹಾಕಿದ ಚಿತ್ರಗಳನ್ನು ಮಾತ್ರ ನಾನು ಇಡಲಿಲ್ಲ. ಬೇರೆಯವರು ಎಳೆದ ಗೆರೆಯೊಳಗೆ ಬಣ್ಣ ತುಂಬಿದ ಮಗುವನ್ನು ಕಥೆ ಕೇಳಿ ನೋಡಿ. "ಇದು ಚಿಟ್ಟೆ" ಎನ್ನುತ್ತದೆ, ಅಲ್ಲಿಗೆ ಮಾತು ನಿಲ್ಲುತ್ತದೆ.

ಗೀಚುವಿಕೆಯನ್ನು ಹತ್ತಿರದಿಂದ ನೋಡಲು ನಾನು ಕಲಿತದ್ದು ಈ ದಿನಗಳಲ್ಲೇ. ದೂರದಿಂದ ಎಲ್ಲ ಗೀಚುಗಳೂ ಒಂದೇ. ಪಕ್ಕದಲ್ಲಿ ಕುಳಿತು ಕೈಯನ್ನು ಗಮನಿಸಿದರೆ ಬೇರೆಯದೇ ತೆರೆದುಕೊಳ್ಳುತ್ತದೆ. ಮೊದಲು ಇಡೀ ತೋಳು ಆಡುತ್ತದೆ, ಹಾಳೆಯ ಉದ್ದಕ್ಕೂ ಹಿಂದೆ ಮುಂದೆ ಗೆರೆಗಳು. ನಂತರ ಮಣಿಕಟ್ಟು ತಿರುಗಲು ಶುರುವಾಗಿ ಸುತ್ತುಗಳು ಬರುತ್ತವೆ. ಸುತ್ತಿನ ಮೇಲೆ ಸುತ್ತು ಹಾಕುತ್ತಿದ್ದ ಕೈ ಒಂದು ದಿನ ಒಂದೇ ಸುತ್ತು ಹಾಕಿ, ಶುರುವಾದ ಕಡೆಗೇ ಬಂದು ನಿಲ್ಲುತ್ತದೆ. ಗೆರೆ ತನ್ನನ್ನು ತಾನು ಮುಚ್ಚಿಕೊಂಡು ಒಂದು ಒಳಗು, ಒಂದು ಹೊರಗು ಹುಟ್ಟುವ ಗಳಿಗೆ ಅದು. ಒಳಗೆ ಎರಡು ಚುಕ್ಕಿ ಬಿದ್ದರೆ ಮುಖ, ಕೆಳಗೆ ಎರಡು ಗೆರೆ ಇಳಿದರೆ ಮನುಷ್ಯ. ತಲೆಯಿಂದಲೇ ನೇರ ಕಾಲು ಹೊರಡುವ, ಹೊಟ್ಟೆಯೇ ಇಲ್ಲದ ಈ ಮನುಷ್ಯರನ್ನು ಮೂರೂವರೆ, ನಾಲ್ಕು ವರ್ಷದ ಮಕ್ಕಳು ಎಲ್ಲೆಡೆ ಬಿಡಿಸುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶಿಶುಶಾಲೆ ನಡೆಸಿದ ರೋಡಾ ಕೆಲಾಗ್ ಮಕ್ಕಳ ಚಿತ್ರಗಳನ್ನು ಅಪಾರ ಸಂಖ್ಯೆಯಲ್ಲಿ ಸಂಗ್ರಹಿಸಿ, ಗೀಚುವಿಕೆಯಲ್ಲಿ 20 ಮೂಲ ಬಗೆಗಳನ್ನು ಗುರುತಿಸಿದ್ದರು. ಆ ಪಟ್ಟಿಯನ್ನು ಓದಿದ ಮೇಲೆ ನನ್ನ ಕಣ್ಣು ಚುರುಕಾಯಿತು. ಚುಕ್ಕಿ, ನಿಂತ ಗೆರೆ, ಮಲಗಿದ ಗೆರೆ, ಡೊಂಕು, ಸುರುಳಿ, ಸುತ್ತು. ನಮ್ಮ ವರ್ಣಮಾಲೆಯ ಅಂಗಾಂಗಗಳೂ ಇವೇ ಅಲ್ಲವೇ? ಕನ್ನಡದ್ದಂತೂ ದುಂಡು ಲಿಪಿ. ಸುತ್ತು ಹಾಕಿ ಹಾಕಿ ಪಳಗಿದ ಕೈಗೆ 'ರ', 'ಠ', 'ಅ' ಹೊರಗಿನಿಂದ ಬಂದ ಕಷ್ಟಗಳಾಗಿ ಕಾಣುವುದಿಲ್ಲ.

ಚಿತ್ರದಿಂದ ಮಾತಿಗೆ ದಾಟುವ ಹೊತ್ತಿನಲ್ಲಿ ದೊಡ್ಡವರ ಪ್ರಶ್ನೆಗೆ ಬಹಳ ತೂಕವಿದೆ. "ಇದೇನು?" ಎಂದರೆ ಮಗು ಪರೀಕ್ಷೆಗೆ ನಿಂತಂತಾಗಿ ಏನೋ ಒಂದು ಹೆಸರು ಹೇಳಿ ಮುಗಿಸುತ್ತದೆ. "ಎಷ್ಟು ಚೆನ್ನಾಗಿದೆ!" ಎಂದರೆ ಆ ಹೊಗಳಿಕೆಯಲ್ಲೇ ಮಾತು ಮುಗಿದುಹೋಗುತ್ತದೆ. ನಾನು ಹೇಳುವುದು ಇಷ್ಟೇ: "ಇದರ ಬಗ್ಗೆ ಹೇಳು." ಆಮೇಲೆ ಕಾಯುತ್ತೇನೆ. ಈ ಕಾಯುವುದು ಸುಲಭವಲ್ಲ. ಮೌನ ಸ್ವಲ್ಪ ಉದ್ದವಾದರೆ ಸಾಕು, ನಾವೇ ಮಾತು ತುಂಬಿಬಿಡುತ್ತೇವೆ. ಸುಮ್ಮನಿದ್ದರೆ ಮಗು ಚಿತ್ರದ ಮೇಲೆ ಬೆರಳಿಟ್ಟು ಮಾತು ಶುರುಮಾಡುತ್ತದೆ. ಬೆಳಿಗ್ಗೆ ಮನೆಯಾಗಿದ್ದದ್ದು ಮಾತು ಮುಗಿಯುವ ಹೊತ್ತಿಗೆ ರೈಲಾಗಿರಬಹುದು, ಅದರಲ್ಲಿ ತಪ್ಪೇನಿಲ್ಲ. ಮಕ್ಕಳು ಕಣ್ಣಿಗೆ ಕಂಡದ್ದಕ್ಕಿಂತ ತಮಗೆ ಗೊತ್ತಿರುವುದನ್ನು ಬಿಡಿಸುತ್ತಾರೆ, ಅವರ ಚಿತ್ರ ಗೆರೆಯಲ್ಲಿ ಆಡಿದ ಮಾತು ಎಂಬುದನ್ನು ಮನೋವಿಜ್ಞಾನಿ ಲೆವ್ ವೈಗೋಟ್ಸ್ಕಿ ಬಹಳ ಹಿಂದೆಯೇ ವಿವರಿಸಿದ್ದರು. ಬರಹದ ಚರಿತ್ರೆ ಮಗುವಿನಲ್ಲಿ ಅಕ್ಷರಕ್ಕಿಂತ ಮೊದಲೇ, ಆಟ ಮತ್ತು ಚಿತ್ರಗಳಲ್ಲಿ ಶುರುವಾಗಿರುತ್ತದೆ ಎನ್ನುವುದು ಅವರ ವಾದ. ಮನೆಯ ಗೋಡೆಯ ಮೂಲಕ ಒಳಗೆ ಮಲಗಿರುವ ತಂಗಿಯೂ ಕಾಣುವಂತೆ ಒಬ್ಬ ಹುಡುಗಿ ಚಿತ್ರ ಬಿಡಿಸಿದಾಗ ಅವರ ಮಾತು ನನಗೆ ನಿಚ್ಚಳವಾಯಿತು. ತಂಗಿ ಒಳಗಿದ್ದಾಳೆಂದು ಅವಳಿಗೆ ಗೊತ್ತು, ಆದ್ದರಿಂದ ಬಿಡಿಸಿದ್ದಾಳೆ.

ಮಗು ಹೇಳಿದ್ದನ್ನು ಬರೆದುಕೊಳ್ಳುವುದೇ ನನ್ನ ಕೆಲಸದ ನಡುಬಿಂದು, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮಗುವಿನ ಎದುರಿಗೆ ನಾನು ಕೂರುವುದಿಲ್ಲ, ಪಕ್ಕದಲ್ಲಿ ಕೂರುತ್ತೇನೆ. ಎದುರಿಗೆ ಕುಳಿತರೆ ನಾನು ಬರೆಯುವ ಅಕ್ಷರಗಳೆಲ್ಲ ಅದಕ್ಕೆ ತಲೆಕೆಳಗಾಗಿ ಕಾಣುತ್ತವೆ. "ನಿನ್ನ ಚಿತ್ರದ ಕೆಳಗೆ ಬರೆಯಲೇ, ಬೇರೆ ಹಾಳೆಯಲ್ಲಿ ಬರೆಯಲೇ?" ಎಂದು ಮೊದಲು ಕೇಳುತ್ತೇನೆ. ಕೆಲವರಿಗೆ ತಮ್ಮ ಚಿತ್ರವನ್ನು ಯಾರೂ ಮುಟ್ಟಬಾರದು, ಅದು ಅವರ ಹಕ್ಕು. ದಪ್ಪ ಅಕ್ಷರದಲ್ಲಿ, ಪದ ಪದದ ನಡುವೆ ಧಾರಾಳವಾಗಿ ಜಾಗ ಬಿಟ್ಟು, ಬರೆಯುತ್ತಿರುವ ಪದವನ್ನು ಬಾಯಲ್ಲಿ ಹೇಳುತ್ತಾ ಬರೆಯುತ್ತೇನೆ. ಮುಗಿದ ಮೇಲೆ ಪದಗಳ ಕೆಳಗೆ ಬೆರಳು ಓಡಿಸುತ್ತಾ ಓದಿ ಹೇಳುತ್ತೇನೆ. ಕಾಗುಣಿತ ನನ್ನದು, ಪದಗಳೂ ಅವುಗಳ ಸಾಲೂ ಮಗುವಿನವು. "ನಾಯಿ ಓಡಿ ಓಡಿ ಓಡಿ ಹೋಯಿತು" ಎಂದು ಮಗು ಹೇಳಿದರೆ ಮೂರು ಸಲವೂ 'ಓಡಿ' ಬರೆಯುತ್ತೇನೆ. "ನಾಯಿ ವೇಗವಾಗಿ ಓಡಿತು" ಎಂದು ತಿದ್ದಿದರೆ ಆ ವಾಕ್ಯ ನನ್ನದಾಗುತ್ತದೆ, ಮಗುವಿಗೆ ಅದರಲ್ಲಿ ತನ್ನ ದನಿ ಕೇಳಿಸುವುದಿಲ್ಲ.

ಕೆಲವೇ ದಿನಗಳಲ್ಲಿ ಒಂದು ಬದಲಾವಣೆ ಕಾಣುತ್ತದೆ. ಗಡಗಡನೆ ಮಾತಾಡುತ್ತಿದ್ದ ಮಗು ನನ್ನ ಪೆನ್ನನ್ನು ನೋಡಿಕೊಂಡು ನಿಲ್ಲಿಸಿ ನಿಲ್ಲಿಸಿ ಹೇಳತೊಡಗುತ್ತದೆ. ಒಂದು ಪದ, ಸ್ವಲ್ಪ ಬಿಡುವು, ಮತ್ತೊಂದು ಪದ. ಆಡುವ ಮಾತಿನಲ್ಲಿ ಪದಗಳ ನಡುವೆ ಬಿಡುವೇ ಇರುವುದಿಲ್ಲ, ಎಲ್ಲ ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ. ಮಾತನ್ನು ಪದಗಳಾಗಿ ಬಿಡಿಸಬಹುದು ಎಂಬ ತಿಳಿವಳಿಕೆ ಓದಿಗೆ ಬಹಳ ಮುಖ್ಯ. ಅದನ್ನು ಮಗು ನನ್ನ ಕೈಯ ವೇಗವನ್ನು ನೋಡಿಯೇ ಕಂಡುಕೊಳ್ಳುತ್ತದೆ.

ಹಾಳೆಯನ್ನೆಲ್ಲ ನೀಲಿ ಗೆರೆಗಳಿಂದ ತುಂಬಿದ್ದ ಒಬ್ಬ ಹುಡುಗಿ ಹೇಳಿದ ಕಥೆ ಹೀಗಿತ್ತು: "ಮಳೆ ಬಂತು. ಮಳೆ ಬಂತು. ಕೊಡೆ ಹಾರಿ ಹೋಯಿತು. ಮಳೆ ಬಂತು." ಅವಳು ಹೇಳಿದಂತೆಯೇ ಬರೆದೆ. ಓದುತ್ತಾ ಬೆರಳು ಎರಡನೆಯ 'ಮಳೆ'ಗೆ ಬಂದಾಗ ಅವಳು ನನ್ನ ಕೈ ತಡೆದು ಮೊದಲನೆಯದನ್ನು ತೋರಿಸಿದಳು, ಮತ್ತೆ ಎರಡನೆಯದನ್ನು ತೋರಿಸಿದಳು. ಕಣ್ಣು ಕೆಳಗಿಳಿದು ಮೂರನೆಯದನ್ನು ತಾನೇ ಹುಡುಕಿ, "ಇಲ್ಲೂ ಮಳೆ" ಎಂದಳು. ನಾನು ಆ ಪದವನ್ನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಅದೇ ಮಾತು ಬಂದಾಗಲೆಲ್ಲ ಅದೇ ಆಕಾರ ಬರುತ್ತದೆ ಎಂಬುದನ್ನು ಅವಳ ಕಣ್ಣೇ ಕಂಡುಹಿಡಿದಿತ್ತು. ತಿದ್ದುವ ಪುಸ್ತಕದ ಯಾವ ಪುಟವೂ ಇದನ್ನು ಕಲಿಸಲಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಇನ್ನೊಬ್ಬ ಹುಡುಗ ಹುಲಿಯ ಚಿತ್ರ ಬಿಡಿಸಿ, "ಹುಲಿ ಬಂತು. ನನಗೆ ಹೆದರಿಕೆ ಆಗಲಿಲ್ಲ" ಎಂದು ಬರೆಸಿದ್ದ. ಮರುದಿನ ತಾನಾಗಿ ಹಾಳೆ ತಂದು ಓದಲು ಹೇಳಿದ. ಓದಿದೆ. ಸ್ವಲ್ಪ ಹೊತ್ತು ಯೋಚಿಸಿ, "ಅಲ್ಲ, ಸ್ವಲ್ಪ ಆಯಿತು. ಆಮೇಲೆ ಆಗಲಿಲ್ಲ. ಹಾಗೆ ಬರೆಯಿರಿ" ಎಂದ. ಹಳೆಯ ಸಾಲಿಗೆ ಗೆರೆ ಎಳೆದು, ಅವನು ತೋರಿಸಿದ ಜಾಗದಲ್ಲಿ ಹೊಸ ಸಾಲು ಸೇರಿಸಿದೆ. ರಾತ್ರಿ ಕಳೆದರೂ ಬರೆದದ್ದು ಬದಲಾಗುವುದಿಲ್ಲ, ಬದಲಾಗಬೇಕಾದರೆ ಯಾರಾದರೂ ಬದಲಾಯಿಸಬೇಕು ಎಂಬ ಅರಿವು ನಾಲ್ಕೂವರೆ ವರ್ಷದ ಆ ಮಗುವಿಗೆ ಬಂದಿತ್ತು. ತಾನು ಹೇಳಿದ್ದು ನಿಜಕ್ಕೆ ಹೊಂದುತ್ತದೆಯೇ ಎಂದು ಒರೆಗೆ ಹಚ್ಚುವ ಬುದ್ಧಿಯೂ ಅದರ ಜೊತೆಗೇ ಬಂದಿತ್ತು. ದೊಡ್ಡ ಬರಹಗಾರರು ಕರಡು ತಿದ್ದುವಾಗ ಮಾಡುವುದೂ ಇದನ್ನೇ.

ಬರೆದುಕೊಂಡ ಕಥೆಯನ್ನು ಅಲ್ಲಿಗೇ ಬಿಡುವುದಿಲ್ಲ. ಅಮೆರಿಕದ ಶಿಕ್ಷಕಿ ವಿವಿಯನ್ ಗಸಿನ್ ಪೇಲಿ (1929–2019) ತಮ್ಮ ತರಗತಿಯಲ್ಲಿ ರೂಢಿಗೆ ತಂದ ಕ್ರಮವೊಂದನ್ನು ನಾನು ಮನಸಾರೆ ಅನುಸರಿಸುತ್ತೇನೆ. ಮಕ್ಕಳು ಹೇಳಿದ ಕಥೆಯನ್ನು ಅವರ ಮಾತಿನಲ್ಲೇ ಬರೆದುಕೊಂಡು, ನಂತರ ಎಲ್ಲರೂ ಸುತ್ತ ಕುಳಿತಿರುವಾಗ ಓದಿ, ಮಕ್ಕಳಿಂದಲೇ ಅದನ್ನು ಆಡಿಸುವುದು. ನೆಲದ ಮೇಲೆ ಸೀಮೆಸುಣ್ಣದಿಂದ ಚೌಕ ಹಾಕುತ್ತೇನೆ, ಅದೇ ರಂಗ. ಕಥೆ ಹೇಳಿದವರು ಮೊದಲು ತಮ್ಮ ಪಾತ್ರ ಆರಿಸಿಕೊಳ್ಳುತ್ತಾರೆ, ಉಳಿದ ಪಾತ್ರಗಳು ಕುಳಿತ ಸಾಲಿನಲ್ಲಿ ಒಬ್ಬೊಬ್ಬರಿಗೆ ಸಿಗುತ್ತವೆ. ನಾನು ಓದುತ್ತಾ ಹೋದಂತೆ ಹುಲಿ ಬರುತ್ತದೆ, ಕೊಡೆ ಹಾರುತ್ತದೆ. ಮೂರು ವಾಕ್ಯದ ಕಥೆ ಒಂದು ನಿಮಿಷದಲ್ಲಿ ಮುಗಿಯುತ್ತದೆ, ಮಕ್ಕಳು ಮತ್ತೊಂದಕ್ಕೆ ಸಿದ್ಧವಾಗಿರುತ್ತಾರೆ.

ಆಡಿಸಲು ಶುರುಮಾಡಿದ ಮೇಲೆ ಕಥೆಗಳ ಮೈಕಟ್ಟೇ ಬದಲಾಯಿತು. ಆರಂಭದ ಕಥೆಗಳು ಬರೀ ಹೆಸರುಗಳ ಸಾಲಾಗಿದ್ದವು: ಅಮ್ಮ, ಅಪ್ಪ, ನಾಯಿ, ನಾನು. ಹೆಸರುಗಳನ್ನು ಮಾತ್ರ ಓದಿದರೆ ಚೌಕದೊಳಗೆ ನಿಂತ ಮಕ್ಕಳಿಗೆ ಮಾಡಲು ಏನೂ ಇರುವುದಿಲ್ಲ, ಅದು ಎಲ್ಲರಿಗೂ ಕಾಣುತ್ತದೆ. ಮುಂದಿನ ಸಲ ಕ್ರಿಯಾಪದಗಳು ಬಂದವು. ಆಮೇಲೆ 'ಆಮೇಲೆ' ಬಂತು, ಪ್ರತಿ ವಾಕ್ಯದ ಮೊದಲೂ ಅದೇ. ಅದರ ಹಿಂದೆಯೇ 'ಅದಕ್ಕೆ', 'ಆದರೆ', 'ಅಷ್ಟರಲ್ಲಿ' ಬಂದವು. ಬಿದ್ದ ಗೊಂಬೆ ಅತ್ತದ್ದರಿಂದ ಬೆಕ್ಕು ಓಡಿಬಂತು ಎಂದು ಒಂದು ಘಟನೆಯನ್ನು ಇನ್ನೊಂದಕ್ಕೆ ಕಾರಣದಿಂದ ಕಟ್ಟುವುದನ್ನು ಮಗು ಕಲಿತರೆ, ಮುಂದೆ ಪುಸ್ತಕದಲ್ಲಿ ಓದಿದ್ದು ಅರ್ಥವಾಗುವ ದಾರಿ ತೆರೆದುಕೊಳ್ಳುತ್ತದೆ. ಅಕ್ಷರ ಕೂಡಿಸಿ ಓದಲು ಬಂದರೂ ಓದಿದ್ದರ ಎಳೆ ಸಿಗದ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದಕ್ಕಾಗಿಯೇ ಈ ಪುಟ್ಟ ಸಂಪರ್ಕ ಪದಗಳು ಕಿವಿಗೆ ಬಿದ್ದಾಗ ನನಗಾಗುವ ಸಂತೋಷ ದೊಡ್ಡದು.

ಇಷ್ಟಾಗುವ ಹೊತ್ತಿಗೆ ಮಕ್ಕಳು ತಾವೇ ಬರೆಯಲು ತೊಡಗಿದ್ದರು. ಬರೆಯಿರಿ ಎಂದು ನಾನು ಹೇಳಿರಲಿಲ್ಲ. ಚಿತ್ರದ ಕೆಳಗೆ, ನಾನು ಬರೆಯುವ ಜಾಗದಲ್ಲೇ, ಎಡದಿಂದ ಬಲಕ್ಕೆ ಅಲೆಯಂಥ ಗೆರೆಗಳು ಕಾಣಿಸಿಕೊಂಡವು. ಚಿತ್ರ ಬಿಡಿಸುವಾಗ ಹಾಳೆಯ ತುಂಬ ಓಡಾಡುವ ಕೈ ಬರೆಯುವಾಗ ಮಾತ್ರ ಸಾಲು ಹಿಡಿಯುತ್ತಿತ್ತು. ಚಿತ್ರ ಬೇರೆ, ಬರಹ ಬೇರೆ ಎಂಬುದು ಆ ಕೈಗೆ ಗೊತ್ತಾಗಿತ್ತು. ಮುಂದೆ ಅಲೆಗಳು ತುಂಡಾಗಿ ಬಿಡಿ ಬಿಡಿ ಗುರುತುಗಳಾದವು, ನಡುವೆ ಅಲ್ಲೊಂದು ಇಲ್ಲೊಂದು ನಿಜವಾದ ಅಕ್ಷರ ಇಣುಕಿತು. ಆ ಅಕ್ಷರ ಸಾಮಾನ್ಯವಾಗಿ ಮಗುವಿನ ಸ್ವಂತ ಹೆಸರಿನ ಮೊದಲ ಅಕ್ಷರ. "ಇದು ನನ್ನ ಮ" ಎಂದು ಹೇಳಿಕೊಂಡು, 'ಮರ' ಎಂದು ಬರೆದ ಚೀಟಿಯ ಮುಂದೆ "ಇದರಲ್ಲಿ ನನ್ನ ಮ ಏಕಿದೆ?" ಎಂದು ಜಗಳಕ್ಕೆ ನಿಂತ ಮಗುವೂ ಇದೆ.

ಈ ಹಂತದಲ್ಲಿ ನಡೆದದ್ದೊಂದು ನನಗೆ ಇಂದಿಗೂ ಅಚ್ಚುಮೆಚ್ಚು. ಒಂದು ಚಿತ್ರದಲ್ಲಿ ಆನೆಯೂ ಇರುವೆಯೂ ಇದ್ದವು. ಹುಡುಗ ಹೇಳಿದ, ನಾನು ಎರಡು ಹೆಸರುಗಳನ್ನೂ ಆಯಾ ಪ್ರಾಣಿಯ ಪಕ್ಕದಲ್ಲಿ ಬರೆದೆ. ಅವನ ಹುಬ್ಬು ಗಂಟಿಕ್ಕಿತು. ಆನೆಯ ಪಕ್ಕದಲ್ಲಿ ಎರಡೇ ಅಕ್ಷರ, ಇರುವೆಯ ಪಕ್ಕದಲ್ಲಿ ಮೂರು! "ನೀವು ಅದಲುಬದಲು ಮಾಡಿದ್ದೀರಿ. ಆನೆ ದೊಡ್ಡದು" ಎಂದ. ಅರ್ಜೆಂಟೀನಾದ ಎಮಿಲಿಯಾ ಫೆರೇರೊ ಮತ್ತು ಆನಾ ಟೆಬೆರೊಸ್ಕಿ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಪ್ಯಾನಿಷ್ ಮಾತಾಡುವ ಮಕ್ಕಳೂ ಹೀಗೆಯೇ ಯೋಚಿಸುವುದನ್ನು ದಾಖಲಿಸಿದ್ದಾರೆ: ದೊಡ್ಡ ವಸ್ತುವಿಗೆ ಹೆಚ್ಚು ಅಕ್ಷರ ಬೇಕು ಎಂಬ ನಂಬಿಕೆ. ಮಗು ಬರಹದ ಬಗ್ಗೆ ತನ್ನದೇ ಸಿದ್ಧಾಂತ ಕಟ್ಟಿಕೊಂಡು, ಕಂಡ ಸಾಕ್ಷಿಯ ಎದುರು ಅದನ್ನು ಒಡೆದು, ಮತ್ತೆ ಕಟ್ಟುತ್ತದೆ ಎಂಬುದು ಅವರ ಮುಖ್ಯ ಮಾತು. ನಾನು ಅವನಿಗೆ ಉತ್ತರ ಹೇಳಲಿಲ್ಲ. "ಚಪ್ಪಾಳೆ ತಟ್ಟಿ ನೋಡೋಣ" ಎಂದೆ. ಆ-ನೆ, ಎರಡು ಚಪ್ಪಾಳೆ. ಇ-ರು-ವೆ, ಮೂರು. ಅವನು ಮತ್ತೆ ತಟ್ಟಿದ, ಅಕ್ಷರಗಳ ಮೇಲೆ ಬೆರಳಿಟ್ಟು ಎಣಿಸಿದ, ಇನ್ನೊಮ್ಮೆ ತಟ್ಟಿದ. ಆನೆಯ ಗಾತ್ರಕ್ಕೂ ಬರಹಕ್ಕೂ ನಂಟಿಲ್ಲ, ಬಾಯಿಂದ ಹೊರಡುವ ಸದ್ದಿಗೂ ಬರಹಕ್ಕೂ ನಂಟಿದೆ ಎಂಬ ಸಂಗತಿ ಆ ಮೂರು ಚಪ್ಪಾಳೆಗಳ ನಡುವೆ ಎಲ್ಲೋ ಅವನೊಳಗೆ ಇಳಿಯಿತು. ಮುಂದೆ ಹಲವು ದಿನ ಅವನು ಕಂಡ ಕಂಡ ವಸ್ತುಗಳಿಗೆಲ್ಲ ಚಪ್ಪಾಳೆ ತಟ್ಟಿದ.

ಕನ್ನಡದ ಬರಹದಲ್ಲಿ ಹೀಗೆ ತಟ್ಟುವುದು ಚೆನ್ನಾಗಿ ಹೊಂದುತ್ತದೆ, ಏಕೆಂದರೆ ನಮ್ಮಲ್ಲಿ ಒಂದು ಅಕ್ಷರವೆಂದರೆ ಬಹುಮಟ್ಟಿಗೆ ಒಂದು ಉಚ್ಚಾರದ ತುಂಡು. 'ಮರ', 'ಕಮಲ', 'ಹಸು' ಇವು ಚಪ್ಪಾಳೆಗೆ ಒಂದು ಅಕ್ಷರದಂತೆ ನೇರವಾಗಿ ಹೊಂದಿಕೊಳ್ಳುತ್ತವೆ. ಆದರೆ ಕಾಗುಣಿತ ಮತ್ತು ಒತ್ತಕ್ಷರಗಳ ಬಾಗಿಲು ಅಷ್ಟು ಬೇಗ ತೆರೆಯುವುದಿಲ್ಲ. ವರ್ಣಮಾಲೆಯಲ್ಲಿರುವುದು 49 ಅಕ್ಷರಗಳಾದರೂ, ಪ್ರತಿ ವ್ಯಂಜನವೂ ಸ್ವರಗಳೊಡನೆ ಕೂಡಿ ರೂಪ ಬದಲಿಸುವುದರಿಂದ ಮಗು ಗುರುತಿಸಬೇಕಾದ ಆಕಾರಗಳು ನೂರಾರು. ಕನ್ನಡ ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆ, ಈ ಅಕ್ಷರ ಕಲಿಕೆ ಪ್ರಾಥಮಿಕ ಶಾಲೆಯ ಮೊದಲ ಕೆಲವು ವರ್ಷಗಳವರೆಗೂ ಚಾಚಿಕೊಳ್ಳುತ್ತದೆ ಎಂದು ತೋರಿಸಿದೆ. ಹಾಗಿರುವಾಗ ನಾಲ್ಕು ವರ್ಷದ ಮಗುವಿನ ಮೇಲೆ ಇಡೀ ಕಾಗುಣಿತವನ್ನು ಹೇರುವುದರಲ್ಲಿ ಯಾವ ನ್ಯಾಯವೂ ನನಗೆ ಕಾಣುವುದಿಲ್ಲ. ಐದೂವರೆ ವರ್ಷದ ಮಗು 'ಬೆಕ್ಕು' ಎಂಬುದಕ್ಕೆ 'ಬಕ' ಎಂದು ಬರೆದರೆ ನಾನು ಕೆಂಪು ಪೆನ್ ಎತ್ತಿಕೊಳ್ಳುವುದಿಲ್ಲ. ಎರಡು ಉಚ್ಚಾರಗಳಿಗೆ ಎರಡು ಅಕ್ಷರ ಬಂದಿದೆ, ಎರಡೂ ಸರಿಯಾದ ವ್ಯಂಜನ; ಸ್ವರಚಿಹ್ನೆ ಮತ್ತು ಒತ್ತು ಮಾತ್ರ ಬಾಕಿ. ಅಷ್ಟು ದೂರ ಆ ಮಗು ತನ್ನ ಕಿವಿಯನ್ನು ನಂಬಿಕೊಂಡು ಬಂದಿದೆ. ಪಕ್ಕದಲ್ಲಿ ನನ್ನ ಬರಹದಲ್ಲಿ 'ಬೆಕ್ಕು' ಎಂದು ಬರೆದು, "ನಾನು ಹೀಗೆ ಬರೆಯುತ್ತೇನೆ" ಎನ್ನುತ್ತೇನೆ. ಎರಡನ್ನೂ ಹೋಲಿಸುವುದು ಅದರ ಪಾಲಿನ ಕೆಲಸ, ಮಕ್ಕಳು ಹೋಲಿಸದೆ ಬಿಡುವುದಿಲ್ಲ.

ಪೋಷಕರ ಆತಂಕ ನನಗೆ ಅರ್ಥವಾಗುತ್ತದೆ. ಪಕ್ಕದ ಮನೆಯ ಮಗು ಪುಟಗಟ್ಟಲೆ ಬರೆಯುತ್ತಿರುವಾಗ ತಮ್ಮ ಮಗು ಹುಲಿ ಬಿಡಿಸಿಕೊಂಡು ಬರುತ್ತಿದೆ ಎಂದರೆ ಯಾರಿಗಾದರೂ ಕಸಿವಿಸಿಯೇ. ವಾದ ಮಾಡುವುದಕ್ಕಿಂತ ತೋರಿಸುವುದು ಮೇಲು ಎಂದು ಪ್ರತಿ ಚಿತ್ರದ ಮೂಲೆಯಲ್ಲಿ ದಿನಾಂಕ ಹಾಕಿ ಜೋಡಿಸಿಡುತ್ತೇನೆ. ವರ್ಷದ ನಡುವೆ ಪೋಷಕರನ್ನು ಕೂರಿಸಿ ಆ ಹಾಳೆಗಳನ್ನು ಒಂದರ ಪಕ್ಕ ಒಂದು ಹರಡುತ್ತೇನೆ. ಬರೀ ಸುತ್ತು, ಸುತ್ತಿಗೆ ಕಾಲು, ಕಾಲಿನ ಕೆಳಗೆ ನೆಲ, ನೆಲದ ಕೆಳಗೆ ಅಲೆಯ ಗೆರೆ, ಅಲೆಯೊಳಗೆ ಒಂದು ಅಕ್ಷರ, ಕೊನೆಗೆ ತನ್ನ ಹೆಸರು. ಒಬ್ಬ ತಂದೆ ಆ ಸಾಲನ್ನು ಎರಡು ಸಲ ನಡೆದು ನೋಡಿ, "ಮನೆಯಲ್ಲಿ ನಾವು ಏನು ಮಾಡಬೇಕು?" ಎಂದು ಕೇಳಿದರು. ಮಗುವಿನ ಕಥೆ ಬರೆದುಕೊಳ್ಳಿ ಎಂದೆ. ಇನ್ನೊಂದು, ಚಿತ್ರಪುಸ್ತಕ ಓದುವಾಗ ನೀವೊಬ್ಬರೇ ಓದಿ ಮುಗಿಸಬೇಡಿ. ಅಮೆರಿಕದ ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓದುವಾಗ ಮಗುವನ್ನು ಪ್ರಶ್ನೆ ಕೇಳಿ ಮಾತಿಗೆಳೆದು, ಅದು ಹೇಳಿದ್ದನ್ನು ಸ್ವಲ್ಪ ಹಿಗ್ಗಿಸಿ ಹೇಳುವ ತಂದೆ ತಾಯಿಯರ ಮಕ್ಕಳಲ್ಲಿ ಭಾಷೆ ಹೆಚ್ಚು ಬೆಳೆದದ್ದು ಕಂಡುಬಂದಿತ್ತು. "ಈ ನಾಯಿ ಈಗ ಎಲ್ಲಿಗೆ ಹೊರಟಿರಬಹುದು?" ಎಂದು ಕೇಳಿ ಪುಟ ತಿರುವದೆ ಕಾಯುವುದಕ್ಕೆ ತರಬೇತಿ ಬೇಕಿಲ್ಲ, ಮಲಗುವ ಮುಂಚಿನ ಸ್ವಲ್ಪ ಹೊತ್ತು ಸಾಕು.

ಮಾತೇ ಆಡದ ಮಕ್ಕಳ ಬಗ್ಗೆಯೂ ಹೇಳಲೇಬೇಕು. ಒಬ್ಬ ಹುಡುಗ ದಿನವೂ ಚಿತ್ರ ಬಿಡಿಸುತ್ತಿದ್ದ. "ಹೇಳು" ಎಂದರೆ ತಲೆ ತಗ್ಗಿಸುತ್ತಿದ್ದ. ಅವನನ್ನು ಒತ್ತಾಯಿಸಲಿಲ್ಲ. ಕಥೆಯನ್ನು ಆಡುವಾಗ ಮಾತಿಲ್ಲದ ಪಾತ್ರಗಳನ್ನು ಸಂತೋಷದಿಂದ ಮಾಡುತ್ತಿದ್ದ: ಮರ, ಗೋಡೆ, ನಿಂತ ಬಸ್. ಒಂದು ದಿನ ಗೆಳತಿಯೊಬ್ಬಳು ಅವನ ಚಿತ್ರ ನೋಡಿ ತಾನೇ ಕಥೆ ಕಟ್ಟಿ ಹೇಳತೊಡಗಿದಾಗ, "ಅದು ಬಸ್ ಅಲ್ಲ, ಲಾರಿ" ಎಂದ. ಅಷ್ಟನ್ನೇ ಬರೆದುಕೊಂಡೆ. ಅವನ ಮೊದಲ ಕಥೆ ಅದು, ಅವತ್ತೇ ಅದನ್ನು ಆಡಿದೆವು ಕೂಡ. ಮಾತು ಕಡಿಮೆಯಿರುವ ಮಕ್ಕಳಿಗೆ ಚಿತ್ರ ಮತ್ತು ಆಟ ಎಷ್ಟು ಆಸರೆ ಎಂಬುದು ಅವನಿಂದ ನನಗೆ ತಿಳಿಯಿತು. ಅಕ್ಷರ ತಿದ್ದಿಸುವ ತರಗತಿಯಲ್ಲಿ ಅವನು ಸುಮ್ಮನಿರುವ ಒಳ್ಳೆಯ ಹುಡುಗನಾಗಿ ವರ್ಷ ಕಳೆದುಬಿಡುತ್ತಿದ್ದ.

ತರಗತಿ ದೊಡ್ಡದಾದರೆ ಎಲ್ಲರ ಕಥೆಯನ್ನೂ ದಿನವೂ ಬರೆದುಕೊಳ್ಳಲು ಆಗುವುದಿಲ್ಲ. ಸರದಿ ಇಟ್ಟಿದ್ದೇನೆ, ಕಥೆ ಹಾಳೆಯ ಅರ್ಧ ದಾಟಬಾರದು ಎಂಬ ಕಟ್ಟಳೆಯೂ ಇದೆ. ಬರೆದ ಹಾಳೆಗಳನ್ನು ಹೊಲಿದು ಪುಸ್ತಕ ಮಾಡಿ, ಅಚ್ಚಾದ ಪುಸ್ತಕಗಳ ಕಪಾಟಿನಲ್ಲೇ ಇಡುತ್ತೇವೆ. ಅಲ್ಲಿಂದ ಹೆಚ್ಚು ಸಲ ಹೊರಬರುವುದು ಆ ಹೊಲಿದ ಪುಸ್ತಕಗಳೇ. ಈ ವರ್ಷದಿಂದ ಇನ್ನೊಂದು ಹೊಸ ಪ್ರಯತ್ನ ನಡೆದಿದೆ. ಆರು ವರ್ಷ ತುಂಬುತ್ತಿರುವವರು ಮೂರು ವರ್ಷದವರ ಪಕ್ಕ ಕುಳಿತು ಅವರ ಕಥೆ ಬರೆದುಕೊಳ್ಳುತ್ತಾರೆ. ಒತ್ತಕ್ಷರ ಬಂದಾಗ ನನ್ನ ಬಳಿಗೆ ಓಡಿಬರುತ್ತಾರೆ, ಉಳಿದದ್ದನ್ನು ತಾವೇ ಹೇಗೋ ನಿಭಾಯಿಸುತ್ತಾರೆ. ಮೊನ್ನೆ ಒಬ್ಬಳು ತನ್ನ ಪುಟ್ಟ ಕಥೆಗಾರನಿಗೆ, "ನಿಧಾನವಾಗಿ ಹೇಳು, ನಾನು ಬರೆಯಬೇಕಲ್ಲ" ಎಂದು ಗದರಿಸಿ, ಅವನು ಹೇಳಿದ ಪದವನ್ನು ಚಪ್ಪಾಳೆ ತಟ್ಟಿ ಎಣಿಸಿಕೊಂಡು ಬರೆಯಲು ಕುಳಿತಳು.